ಮೂರನೇ ಯತ್ನದಲ್ಲಿ ಕಿಲಿಮಂಜಾರೋ ಏರಿದ ಹಾನ್ಸ್ ಮೆಯರ್

ಕಿಲಿಮಂಜಾರೋ ಏರುವ ಚಾರಣಿಗರು ಕಿಬೋ ತಂಗುದಾಣದಿಂದ ನಡುರಾತ್ರಿ ಹೊರಡುತ್ತಾರೆ. ಕಾಲಿಟ್ಟಲ್ಲೆಲ್ಲ ಜಾರುವ ಕಲ್ಲುಪುಡಿಯ ಇಳಿಜಾರಿನಲ್ಲಿ ಏದುಸಿರು ಬಿಡುತ್ತ ಸುಮಾರು 5,150 ಮೀಟರ್ ಎತ್ತರ ಮುಟ್ಟಿದಾಗ ಒಂದು ಗುಹೆಯ ಬಳಿ ದಣಿವಾರಿಸಿಕೊಳ್ಳುತ್ತಾರೆ. ಆ ಗುಹೆಗೆ ಹಾನ್ಸ್ ಮೆಯರ್ ಎಂಬ ಜರ್ಮನಿಯ ಭೂಗೋಳ ತಜ್ಞನ ಹೆಸರಿದೆ. ಆಫ್ರಿಕಾದ ಅತ್ಯುನ್ನತ ಶಿಖರವನ್ನು ಮೊದಲು ಮೆಟ್ಟಿದವರೆಂದು ದಾಖಲಾಗಿರುವ ಇಬ್ಬರಲ್ಲಿ ಆತ ಒಬ್ಬ.

ಮೆಯರ್ ಹುಟ್ಟಿದ್ದು 1858ರಲ್ಲಿ, ಸಿರಿವಂತ ಪ್ರಕಾಶಕರ ಮನೆತನದಲ್ಲಿ. ಜರ್ಮನ್ ಓದುಗರಿಗೆ ಚಿರಪರಿಚಿತವಾದ ಮೆಯರ್ ವಿಶ್ವಕೋಶ ಆ ಮನೆತನದ್ದೇ. ಹೀಗಾಗಿ ಅವನಿಗೆ ಹಣದ ಚಿಂತೆ ಇರಲಿಲ್ಲ. ಯುರೋಪಿನಲ್ಲಿ ಆಗ ಕಿಲಿಮಂಜಾರೋ ಬಗ್ಗೆ ಅಪಾರ ಕುತೂಹಲವಿತ್ತು. ಭೂಮಧ್ಯರೇಖೆಯ ಸಮೀಪದಲ್ಲಿ ಹಿಮ ಕಂಡೆನೆಂದು 1848ರಲ್ಲಿ ಹೇಳಿದ ಪಾದ್ರಿ ಯೋಹಾನೆಸ್ ರೆಬ್‌ಮಾನ್‌ನನ್ನು ಅಲ್ಲಿನ ವಿದ್ವಾಂಸರು ಬಹುಕಾಲ ನಂಬಿರಲಿಲ್ಲ.

1887ರ ಮೊದಲ ಯತ್ನದಲ್ಲಿ ಮೆಯರ್ ಕಿಬೋ ಹಿಮದ ಅಂಚಿನವರೆಗೆ ಹೋಗಿ ಹಿಂದಿರುಗಿದ. ಮರುವರ್ಷದ ಎರಡನೇ ಯಾತ್ರೆಯಲ್ಲಿ ಪರ್ವತವನ್ನು ತಲುಪಲೇ ಇಲ್ಲ. ಜರ್ಮನ್ ಆಳ್ವಿಕೆಯ ವಿರುದ್ಧ ಕರಾವಳಿಯ ಜನ ಅಬುಶಿರಿಯ ನಾಯಕತ್ವದಲ್ಲಿ ದಂಗೆ ಎದ್ದಿದ್ದರು. ಮೆಯರ್ ಮತ್ತು ಅವನ ಜೊತೆಗಾರ ಆಸ್ಕರ್ ಬೌಮಾನ್ ಸೆರೆಸಿಕ್ಕು ಸಂಕೋಲೆ ತೊಟ್ಟರು. ಬಿಡುಗಡೆಗೆ ತೆತ್ತ ಹಣ ಹತ್ತು ಸಾವಿರ ರೂಪಾಯಿ. ಹೌದು, ರೂಪಾಯಿಯೇ! ಭಾರತೀಯ ವರ್ತಕರ ವಹಿವಾಟು ಹಬ್ಬಿದ್ದ ಆ ಕರಾವಳಿಯಲ್ಲಿ ಆಗ ಚಲಾವಣೆಯಲ್ಲಿದ್ದದ್ದು ನಮ್ಮ ನಾಣ್ಯವೇ.

ಇಷ್ಟಾದರೂ ಹಠ ಬಿಡದ ಮೆಯರ್ 1889ರಲ್ಲಿ ಮತ್ತೆ ಹೊರಟ. ಈ ಬಾರಿ ಜೊತೆಗಿದ್ದವನು ಆಲ್ಪ್ಸ್ ಪರ್ವತಗಳಲ್ಲಿ ಪಳಗಿದ ಆಸ್ಟ್ರಿಯಾದ ಲುಡ್ವಿಗ್ ಪುರ್ಟ್‌ಶೆಲರ್. ಹಿಂದಿನವರು ಸೋತದ್ದು ಹಿಮಕ್ಕಿಂತ ಹೆಚ್ಚಾಗಿ ಹಸಿವಿಗೆ ಎಂಬುದನ್ನು ಮೆಯರ್ ಅರಿತಿದ್ದ. ಆದ್ದರಿಂದ ಮರಾಂಗುವಿನ ದೊರೆ ಮಾರೆಯಾಲೆಯ ನೆರವು ಪಡೆದು, ಪರ್ವತದ ಮೇಲೆ ಹಂತಹಂತವಾಗಿ ಶಿಬಿರಗಳನ್ನು ಹೂಡಿ, ಕೆಳಗಿನ ಹಳ್ಳಿಯಿಂದ ಹೊರೆಯಾಳುಗಳ ಮೂಲಕ ಆಹಾರ ಬರುತ್ತಲೇ ಇರುವಂತೆ ಏರ್ಪಾಡು ಮಾಡಿದ. ಪಂಗಾನಿಯ ಮುವಿನಿ ಅಮಾನಿ ಎಂಬಾತ ಮೇಲಿನ ಶಿಬಿರದ ಕೊರೆಯುವ ಚಳಿಯಲ್ಲಿ ಇವರಿಬ್ಬರ ದಾರಿ ಕಾಯುತ್ತ ಉಳಿದ. ನಮ್ಮ ದೃಷ್ಟಿಯಲ್ಲಿ ಆ ಯಾತ್ರೆ ಗೆದ್ದದ್ದು ಈ ಏರ್ಪಾಡಿನಿಂದಲೇ.

ಅಕ್ಟೋಬರ್ 3ರಂದು ಇಬ್ಬರೂ ಹಿಮನದಿಗೆ ಕೈಹಾಕಿದರು. ಗಾಜಿನಂತಹ ಮಂಜುಗಡ್ಡೆಯಲ್ಲಿ ಪುರ್ಟ್‌ಶೆಲರ್ ಕೊಡಲಿಯಿಂದ ಮೆಟ್ಟಿಲು ಕಡಿಯುತ್ತ ಮುನ್ನಡೆದ. ಒಂದೊಂದು ಮೆಟ್ಟಿಲಿಗೂ ಇಪ್ಪತ್ತರಷ್ಟು ಏಟು ಬೇಕಾಯಿತು. ಕೊನೆಗೆ ಜ್ವಾಲಾಮುಖಿಯ ಬಾಯಂಚಿಗೆ ಬಂದು ನೋಡಿದರೆ ಅತ್ಯುನ್ನತ ತುದಿ ಇನ್ನೂ ಒಂದೂವರೆ ತಾಸಿನ ದಾರಿ! ಶಕ್ತಿ ಉಡುಗಿತ್ತು, ಹೊತ್ತೂ ಮೀರಿತ್ತು. ಇಬ್ಬರೂ ಹಿಂದಿರುಗಿದರು. ಎರಡು ದಿನ ಕಳೆದು ಇನ್ನೂ ಎತ್ತರದ ಗುಹೆಯೊಂದರಲ್ಲಿ ಮಲಗಿ, ಕಡಿದಿಟ್ಟಿದ್ದ ಮೆಟ್ಟಿಲುಗಳನ್ನೇ ಹಿಡಿದು ಅಕ್ಟೋಬರ್ 6ರ ಬೆಳಿಗ್ಗೆ ತುದಿ ಮುಟ್ಟಿದರು. ಅಂದು ಪುರ್ಟ್‌ಶೆಲರ್‌ಗೆ ನಲವತ್ತು ತುಂಬಿತ್ತು.

ಮೆಯರ್ ಶಿಖರಕ್ಕೆ ಕೈಸರ್ ವಿಲ್‌ಹೆಲ್ಮ್ ಹೆಸರಿಟ್ಟ. ತುದಿಯಿಂದ ತಂದ ಕಲ್ಲಿನ ತುಂಡು ಪೋಟ್ಸ್‌ಡಾಮ್ ಅರಮನೆ ಸೇರಿತು. ಆತ ಬರಿಯ ಪರ್ವತಾರೋಹಿಯಲ್ಲ, ವಸಾಹತುಶಾಹಿಯ ಕಟ್ಟಾ ಬೆಂಬಲಿಗ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ತಲೆಮಾರುಗಳಿಂದ ಚಗ್ಗಾ ಜನರು ನೋಡುತ್ತ ಬಂದ ಬೆಟ್ಟಕ್ಕೆ ಹೊರಗಿನವನೊಬ್ಬ ತನ್ನ ಅರಸನ ಹೆಸರು ಕಟ್ಟಿದ. 1961ರಲ್ಲಿ ದೇಶ ಸ್ವತಂತ್ರವಾದಾಗ ಶಿಖರ ಉಹುರು ಆಯಿತು. ಸ್ವಾಹಿಲಿಯಲ್ಲಿ ಹಾಗೆಂದರೆ ಸ್ವಾತಂತ್ರ್ಯ. ಎತ್ತರ 5,895 ಮೀಟರ್.

ಮೆಯರ್ ಹಿಡಿದ ಮರಾಂಗು ಕಡೆಯ ಹಾದಿ ಇಂದಿಗೂ ಬಳಕೆಯಲ್ಲಿದೆ. ಮಲಗಲು ಮಂಚವಿರುವ ಮನೆಗಳು ಈ ಹಾದಿಯಲ್ಲಿ ಮಾತ್ರ. ಮಚಾಮೆ, ಲೆಮೋಶೋ, ರೊಂಗಾಯ್ ಹಾದಿಗಳಲ್ಲಿ ಡೇರೆಯೇ ಗತಿ. ಕೆಳಗಿನ ಮಳೆಕಾಡಿನಲ್ಲಿ ಕಪ್ಪುಬಿಳುಪಿನ ಕೊಲೊಬಸ್ ಕೋತಿಗಳು ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತವೆ. ಆನೆ, ಕಾಡೆಮ್ಮೆಗಳೂ ಇವೆ, ಆದರೆ ಕಾಣಸಿಗುವುದು ಅಪರೂಪ. ಕಾಡು ದಾಟಿದರೆ ಆಳೆತ್ತರ ಮೀರಿದ ಸೆನೇಸಿಯೋ ಗಿಡಗಳು, ರಾತ್ರಿಯ ಚಳಿಗೆ ಎಲೆ ಮುಚ್ಚಿಕೊಳ್ಳುವ ಲೊಬೀಲಿಯಾಗಳು. ಶಿರಾ ಪ್ರಸ್ಥಭೂಮಿಯಲ್ಲಿ ಕೆಲವೊಮ್ಮೆ ಎಲಾಂಡ್ ಜಿಂಕೆಗಳು ಮೇಯುತ್ತವೆ. ಇನ್ನೂ ಮೇಲೆ ಜೊತೆಗಿರುವುದು ತಿಂಡಿಗೆ ಹೊಂಚುಹಾಕುವ ಬಿಳಿ ಕತ್ತಿನ ಕಾಗೆ ಮಾತ್ರ. ಆದರೂ 1926ರಲ್ಲಿ ಬಾಯಂಚಿನಲ್ಲಿ ಹೆಪ್ಪುಗಟ್ಟಿದ ಚಿರತೆಯೊಂದು ಸಿಕ್ಕಿತ್ತು.

1898ರಲ್ಲಿ ಮತ್ತೆ ಬಂದ ಮೆಯರ್, ತಾನು ಏರಿದ್ದ ಹಿಮ ಹಿಂದೆ ಸರಿದಿರುವುದನ್ನು ಗುರುತಿಸಿದ. ಬರಿಯ ಒಂಬತ್ತು ವರ್ಷಗಳಲ್ಲಿ! 1912ರಲ್ಲಿ ಸುಮಾರು 12 ಚದರ ಕಿಲೋಮೀಟರ್ ಇದ್ದ ಹಿಮದಲ್ಲಿ ಶೇಕಡ 85ರಷ್ಟು 2007ರ ಹೊತ್ತಿಗೆ ಮಾಯವಾಗಿತ್ತು. ಮುಂದೆ ಲೀಪ್‌ಜಿಗ್‌ನಲ್ಲಿ ಪ್ರಾಧ್ಯಾಪಕನಾದ ಮೆಯರ್ 1929ರಲ್ಲಿ ತೀರಿಕೊಂಡ.

1989ರಲ್ಲಿ ಮೊದಲ ಆರೋಹಣದ ಶತಮಾನೋತ್ಸವ ಬಂದಾಗ ಸನ್ಮಾನಿಸಲು ಆಫ್ರಿಕನ್ನರ ಹೆಸರೇ ಇಲ್ಲವಲ್ಲ ಎಂಬ ಪ್ರಶ್ನೆ ಎದ್ದಿತು. ಮರಾಂಗುವಿನ ಯೋಹಾನಿ ಕಿನ್ಯಾಲಾ ಲೌವೋ ಎಂಬ ವೃದ್ಧ ಆ ಯಾತ್ರೆಗೆ ದಾರಿ ತೋರಿದವನೆಂದು ಊರವರು ಹೇಳುತ್ತಿದ್ದರು. ದಾಖಲೆಗಳು ಗಟ್ಟಿಯಾಗಿಲ್ಲ, ವಯಸ್ಸಿನ ಲೆಕ್ಕವೂ ನಂಬಲು ಕಷ್ಟ. ಆದರೆ ಬದುಕಿನ ಬಹುಭಾಗ ಆತ ಈ ಬೆಟ್ಟದಲ್ಲಿ ಮಾರ್ಗದರ್ಶಿಯಾಗಿದ್ದ. ಲೌವೋಗೆ ಮನೆಯೊಂದನ್ನು ಕಟ್ಟಿಕೊಟ್ಟರು. 1996ರಲ್ಲಿ ಆತ ನಿಧನನಾದ.