ಕಬ್ಬಿಣದ ನೇಗಿಲಿನಿಂದ ಊರು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್

ನಮ್ಮ ದೇಶದ ಯಂತ್ರೋದ್ಯಮಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರ್ ಅವರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಚಿತ್ರಕಲೆಯ ಆಸೆಯಿಂದ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಆದರೆ ಕೆಲವು ಬಣ್ಣಗಳ ಭೇದ ಅವರ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ತಮಗೆ ಸಿಗಬೇಕಾದ ಬಡ್ತಿ ಆಂಗ್ಲೋ ಇಂಡಿಯನ್ನರೊಬ್ಬರ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದರು.

ಬೆಳಗಾವಿಯಲ್ಲಿ ಅಣ್ಣ ರಾಮುಅಣ್ಣ ಅವರ ಜೊತೆಗೂಡಿ ಸೈಕಲ್ ಅಂಗಡಿ ನಡೆಸಿದರು. ಪಕ್ಕದಲ್ಲೇ ಚಿಕ್ಕ ಕಾರ್ಖಾನೆ ಹಾಕಿ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲು ತಯಾರಿಸಿದರು.

ಆದರೆ ನೇಗಿಲನ್ನು ಕೊಳ್ಳುವವರೇ ಇರಲಿಲ್ಲ. ಮರದ ನೇಗಿಲಿಗೆ ಕಬ್ಬಿಣದ ಗುಳ ಇರುತ್ತಿದ್ದರೂ, ಇಡೀ ನೇಗಿಲೇ ಕಬ್ಬಿಣದ್ದಾದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಅಂಜುತ್ತಿದ್ದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಹಾಕಿದ ಬಂಡವಾಳ ತಿರುಗದೆ ಎರಡು ವರ್ಷ ಕಾಯುವುದೆಂದರೇನು ಎಂಬುದು ವ್ಯಾಪಾರ ಮಾಡಿದವರಿಗೆ ಗೊತ್ತು. ಲಕ್ಷ್ಮಣರಾಯರು ರೈತರನ್ನು ಹಳಿಯಲಿಲ್ಲ, ನೇಗಿಲನ್ನೂ ಕೈಬಿಡಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಕಟ ಬಂತು. ಊರು ಬೆಳೆಸುವ ಸಲುವಾಗಿ ಕಾರ್ಖಾನೆಯ ಜಾಗವನ್ನು ಬಿಟ್ಟುಕೊಡಬೇಕಾಯಿತು. ಆಗ ಔಂಧ್ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬರಡು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು, ಹಾವುಗಳು ತುಂಬಿದ್ದ ಆ ಜಾಗದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದುನಿಂತಿತು. ಎರಕದ ಕುಲುಮೆಯ ಜೊತೆಗೆ ಕೆಲಸಗಾರರ ಮನೆಗಳೂ ಬಂದವು. ಆ ಊರಿನಲ್ಲಿ ಅಸ್ಪೃಶ್ಯತೆಗೆ ಎಡೆ ಇರಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನೇ ರಾತ್ರಿ ಕಾವಲಿಗೆ ನೇಮಿಸಿ, ಅವರ ಮೇಲೆ ನಂಬಿಕೆ ಇಟ್ಟರು.

ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣ ಸಿಗುವುದೇ ದುರ್ಲಭವಾಯಿತು. ಕಬ್ಬಿಣವಿಲ್ಲದೆ ಎರಕ ನಿಂತರೆ ಇಡೀ ಊರಿನ ಅನ್ನವೇ ನಿಲ್ಲುತ್ತಿತ್ತು. ಆಗ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಸಂಸ್ಥಾನದ ಹಳೆಯ ಫಿರಂಗಿಗಳನ್ನು ಕೊಟ್ಟರು. ಅವು ಕುಲುಮೆಯಲ್ಲಿ ಕರಗಿ, ಮರಳಿನ ಅಚ್ಚಿಗಿಳಿದು, ನೇಗಿಲಾಗಿ ಹೊರಬಂದವು. ಕೊಲ್ಲಲೆಂದು ಎರಕ ಹೊಯ್ದ ಲೋಹ ಅನ್ನ ಬೆಳೆಯುವ ಕೆಲಸಕ್ಕೆ ಬಂತು.

ಮುಂದೆ ಕಿರ್ಲೋಸ್ಕರವಾಡಿಯಲ್ಲಿ ನೀರೆತ್ತುವ ಪಂಪುಗಳೂ ತಯಾರಾದವು. ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದ ಮಗ ಶಂತನುರಾವ್ ಉದ್ಯಮವನ್ನು ಇನ್ನಷ್ಟು ಬೆಳೆಸಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ, ಲೇತ್ ಯಂತ್ರಗಳಿಗೆ ಹೆಸರಾಯಿತು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. 1969ರಲ್ಲಿ, ಅವರ ಜನ್ಮಶತಾಬ್ದಿಯಂದು, ಭಾರತ ಸರಕಾರ ಅಂಚೆಚೀಟಿ ಹೊರತಂದಿತು. ಕಿರ್ಲೋಸ್ಕರವಾಡಿಯಲ್ಲಿ ಇಂದಿಗೂ ಪಂಪುಗಳು ತಯಾರಾಗುತ್ತಿವೆ. ಕೊಪ್ಪಳದ ಬೇವಿನಹಳ್ಳಿಯಲ್ಲಿ ಅದೇ ಮನೆತನದ ಹೆಸರಿನ ಎರಕದ ಕಾರ್ಖಾನೆ ನಡೆಯುತ್ತಿದೆ. ಇವೆಲ್ಲಕ್ಕೂ ಮೊದಲ ಬಂಡವಾಳ ಯಾರೂ ಕೊಳ್ಳದ ನೇಗಿಲಿನ ಪಕ್ಕದಲ್ಲಿ ತಾಳ್ಮೆಯಿಂದ ಕಾದ ಆ ಎರಡು ವರ್ಷ.