ಸಹಕಾರಿ ಧುರೀಣ, ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂತೋಷದ ಗಳಿಗೆಯಲ್ಲಿ, ಸಹಕಾರಕ್ಕೂ ಕನ್ನಡ ಪುಸ್ತಕಕ್ಕೂ ಜೀವ ತೇಯ್ದ ಒಬ್ಬ ಹಿರಿಯರನ್ನು ನೆನೆಯುವುದು ನಮ್ಮ ಕರ್ತವ್ಯ. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು ಹುಟ್ಟಿದ್ದು ಧಾರವಾಡದಲ್ಲಿ, 1880ರ ಜುಲೈ 2ರಂದು. ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದರು. ಮುಂದೆ ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ವಕೀಲಿ ಹಿಡಿದು ನೆಲೆ ನಿಂತರು. ಅದು ಬರಗಾಲದ ಸೀಮೆ. ಮಳೆ ಕೈಕೊಟ್ಟರೆ ರೈತ ಸಾಹುಕಾರನ ಬಾಗಿಲು ಕಾಯಬೇಕು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ನಮ್ಮ ನಾಡಿನ ಮೊದಲ ಸಹಕಾರ ಸಂಘ ಹುಟ್ಟಿತ್ತಷ್ಟೆ. ಏಳೇ ವರ್ಷಕ್ಕೆ, 1912ರಲ್ಲಿ, ಹಳಕಟ್ಟಿಯವರ ಮುಂದಾಳುತನದಲ್ಲಿ ಬಿಜಾಪುರದ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭವಾಯಿತು. ಅದಕ್ಕೂ ಮೊದಲು 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಗೆ ಬುನಾದಿ ಹಾಕಿದ್ದರು.

ಆದರೆ ಅವರನ್ನು ನಾಡು ನೆನೆಯುವುದು ಇನ್ನೊಂದು ಕೆಲಸಕ್ಕೆ. ಬಸವಾದಿ ಶರಣರ ವಚನಗಳಲ್ಲಿ ಆಗ ಅಚ್ಚಾಗಿದ್ದವು ಕೆಲವೇ ಕೆಲವು. ಉಳಿದವೆಲ್ಲ ಓಲೆಗರಿಯ ಕಟ್ಟುಗಳಲ್ಲಿ. ಆ ಕಟ್ಟುಗಳು ಮಠದ ಮೂಲೆಯಲ್ಲೋ ಮನೆಯ ಜಗಲಿಯ ಮೇಲೋ ಅರಿವೆ ಸುತ್ತಿಕೊಂಡು ಕುಂತಿದ್ದವು. ವರ್ಷಕ್ಕೊಮ್ಮೆ ಪೂಜೆ ಆಗ್ತಿತ್ತು, ಓದುವವರು ಇರಲಿಲ್ಲ. ಹುಳ ತಿಂದು, ಗೆದ್ದಲು ಹಿಡಿದು ಹಾಳಾದವೆಷ್ಟೋ!

ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೂಡಿಸಿದರು. ಓಲೆಗರಿ ಓದುವುದು ಸುಲಭವಲ್ಲ. ಹಳೆಯ ಅಕ್ಷರ, ಪದಗಳ ನಡುವೆ ಜಾಗವಿಲ್ಲ. ಒಂದು ಪ್ರತಿಯ ತಪ್ಪನ್ನು ಇನ್ನೊಂದು ಪ್ರತಿ ನೋಡಿ ತಿದ್ದಬೇಕು. ಕೋರ್ಟಿನ ಕೆಲಸದ ಜೊತೆಗೆ ಇದನ್ನೂ ಮಾಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದರು.

ಪುಸ್ತಕ ಅಂದ ಮೇಲೆ ಅಚ್ಚುಕೂಟ ಬೇಕು, ಅಚ್ಚುಕೂಟಕ್ಕೆ ರೊಕ್ಕ ಬೇಕು. ವಕೀಲರಾಗಿ ಗಳಿಸಿದ್ದು ಸಾಲಲಿಲ್ಲ. ಇದ್ದ ಮನೆಯನ್ನೇ ಮಾರಿದರು! 1925ರಲ್ಲಿ ಹಿತಚಿಂತಕ ಮುದ್ರಣಾಲಯ ಶುರುವಾಯಿತು. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಬಂದವು. ಅಲ್ಲಮ, ಬಸವಣ್ಣ, ಅಕ್ಕಮಹಾದೇವಿಯವರ ಜೊತೆಗೆ ಹೆಸರೇ ಮರೆತುಹೋಗಿದ್ದ ಎಷ್ಟೋ ಕಾಯಕದ ಶರಣರ ಮಾತು ಅಚ್ಚಿನ ಮೊಳೆ ಕಂಡಿತು. ಹರಿಹರನ ರಗಳೆಗಳೂ ಬೆಳಕಿಗೆ ಬಂದವು.

1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಮಾನ ಸನ್ಮಾನ ಬಂದವು, ಕೈಯಲ್ಲಿ ರೊಕ್ಕ ಮಾತ್ರ ನಿಲ್ಲಲಿಲ್ಲ. ಊರ ಜನರ ಉಳಿತಾಯಕ್ಕೆ ಬ್ಯಾಂಕು ಕಟ್ಟಿದ ಮನುಷ್ಯ, ತಮಗಾಗಿ ಕೂಡಿಟ್ಟಿದ್ದು ಪುಸ್ತಕ ಮಾತ್ರ. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವನ್ನು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತಾರೆ.

ಬಾಂಧವರೆ, ಸಂಘದ ಲೆಕ್ಕ ಪುಸ್ತಕವನ್ನು ನಾವು ಜೋಪಾನ ಮಾಡ್ತೀವಿ, ವರ್ಷಾ ವರ್ಷಾ ತಪಾಸಣೆಯೂ ಆಗ್ತದೆ. ಅಜ್ಜ ಮುತ್ತಜ್ಜರು ಬರೆದಿಟ್ಟ ಕಾಗದ, ಹಾಡಿನ ವಹಿ, ಓಲೆಗರಿ ಅಟ್ಟದ ಮೇಲೆ ಇದ್ದರೆ ಅದರ ತಪಾಸಣೆ ಮಾಡುವವರು ಯಾರು? ಈ ಬೆಳ್ಳಿಹಬ್ಬದ ನೆನಪಿಗೆ ಒಮ್ಮೆ ಅಟ್ಟ ಹತ್ತಿ ನೋಡೋಣ. ಸಿಕ್ಕಿದ್ದನ್ನು ರದ್ದಿಗೆ ಹಾಕದೆ, ಹೊಳೆಗೆ ಬಿಡದೆ, ಓದಬಲ್ಲವರ ಕೈಗೆ ಮುಟ್ಟಿಸೋಣ. ಹಳಕಟ್ಟಿಯವರಿಗೆ ನಾವು ಸಲ್ಲಿಸುವ ನಿಜವಾದ ನಮನ ಅದೇ.