ಮಗನಿಗೆ ಗುರುವನ್ನು ಹುಡುಕಿದ ತಂದೆ
(ಸಂಗೀತಗಾರ ಹ್ಯಾಂಡೆಲನ ಚರಿತ್ರೆ)

ಮಕ್ಕಳಿಗೆ ಮನೆಯಲ್ಲಿ ಸಂಗೀತವನ್ನು ಕಲಿಸತಕ್ಕ ಒಳ್ಳೆಯ ಉಪಾಧ್ಯಾಯರು ಯಾರಾದರೂ ಇರುವರೋ ಎಂದು ಪ್ರತಿ ವರ್ಷವೂ ಕೆಲವು ಮಂದಿ ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಕೇಳುವವರ ಮನಸ್ಸಿನಲ್ಲಿ ಹಲವು ವೇಳೆ ಒಂದು ಸಂದೇಹವೂ ಇರುತ್ತದೆ. ಇದರಿಂದ ಹುಡುಗಿಯ ಓದು ಕೆಡುವುದೋ, ತೆರುವ ಹಣವು ವ್ಯರ್ಥವಾಗುವುದೋ ಎಂಬುದೇ ಆ ಸಂದೇಹ. ಇದಕ್ಕೆ ಉತ್ತರವಾಗಿ ನಿಯಮಗಳನ್ನು ಬರೆದು ಕೊಡುವುದಕ್ಕಿಂತಲೂ, ಇದೇ ಸಂದೇಹದಿಂದ ಬಾಧಿತನಾಗಿದ್ದ ಒಬ್ಬ ತಂದೆಯ ಮತ್ತು ಅವನ ಮಗನ ಚರಿತ್ರೆಯನ್ನು ಹೇಳುವುದು ಮೇಲೆಂದು ನಮಗೆ ತೋರಿತು. ಆ ಮಗನ ಹೆಸರು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಹೊಸದಲ್ಲ. ಹಲ್ಲೆಲೂಯ ಮೇಳಗೀತವನ್ನು ಹಾಡಲು ಅಭ್ಯಾಸಮಾಡಿದವರೆಲ್ಲರೂ ಹ್ಯಾಂಡೆಲನ ಹೆಸರನ್ನು ಕೇಳಿಯೇ ಇರುವರು.

ಜಾರ್ಜ್ ಫ್ರೆಡೆರಿಕ್ ಹ್ಯಾಂಡೆಲನು ೧೬೮೫ನೆಯ ಇಸವಿ ಫೆಬ್ರವರಿ ೨೩ರಂದು ಜರ್ಮನಿ ದೇಶದ ಹಾಲೆ ಎಂಬ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯಾದ ಗೆಯೋರ್ಗನಿಗೆ ಆಗ ಅರುವತ್ತೆರಡು ವರ್ಷ. ತಾಯಿಯಾದ ಡೊರೊಥೆಯಳು ಲೂಥರನ ಸಭೆಯ ಒಬ್ಬ ಬೋಧಕನ ಮಗಳು. ಗೆಯೋರ್ಗನಿಗೆ ಎರಡನೆಯ ಹೆಂಡತಿ. ಗೆಯೋರ್ಗನು ಕ್ಷೌರವನ್ನೂ ಶಸ್ತ್ರಚಿಕಿತ್ಸೆಯನ್ನೂ ಕಲಿತವನು. ಆ ಕಾಲದಲ್ಲಿ ಆ ದೇಶದಲ್ಲಿ ಈ ಎರಡು ಕೆಲಸಗಳನ್ನೂ ಒಬ್ಬನೇ ಮಾಡುತ್ತಿದ್ದನು. ಅವನು ತಾಮ್ರದ ಪಾತ್ರೆ ಮಾಡುವವನೊಬ್ಬನ ಮಗ. ದೇಶದಲ್ಲೆಲ್ಲಾ ಯುದ್ಧವು ಹರಡಿದ್ದ ಕಾಲದಲ್ಲಿ, ಹುಡುಗನಾಗಿದ್ದಾಗಲೇ ತಂದೆಯನ್ನು ಕಳಕೊಂಡು, ಸ್ವಂತ ದುಡಿಮೆಯಿಂದಲೇ ಮೇಲಕ್ಕೆ ಬಂದು, ವೈಸೆನ್‌ಫೆಲ್ಸ್ ಎಂಬಲ್ಲಿಯ ದೊರೆಯ ಆಸ್ಥಾನದಲ್ಲಿ ಶಸ್ತ್ರವೈದ್ಯನಾಗಿದ್ದನು.

ಇಂಥವನು ತನ್ನ ಮಗನು ನ್ಯಾಯಶಾಸ್ತ್ರವನ್ನು ಓದಿ ಗೌರವದಿಂದ ಬಾಳಬೇಕೆಂದು ಬಯಸಿದ್ದರಲ್ಲಿ ಆಶ್ಚರ್ಯವೇನು? ಸಂಗೀತಗಾರರೆಂದರೆ ಅವನ ಕಣ್ಣಿಗೆ ಇನ್ನೊಬ್ಬರ ಊಟದ ವೇಳೆಯಲ್ಲಿ ಬಾರಿಸಿ ಕೂಲಿ ಪಡೆಯುವವರು. ತಾನು ಮುದುಕನಾದುದರಿಂದ ಹುಡುಗನು ನೆಲೆಗೊಳ್ಳುವವರೆಗೆ ತಾನಿರುವೆನೋ ಇಲ್ಲವೋ ಎಂಬ ಭಯವೂ ಅವನಿಗಿದ್ದಿರಬೇಕು. ಆದ್ದರಿಂದ ಅವನು ಮಗನು ವಾದ್ಯಗಳನ್ನು ಮುಟ್ಟಬಾರದೆಂದು ಕಟ್ಟಪ್ಪಣೆ ಮಾಡಿದನು. ಅನೇಕರು ಈ ತಂದೆಯನ್ನು ಕಠಿಣ ಹೃದಯದವನೆಂದು ಬರೆದಿದ್ದಾರೆ. ನಾವು ಹಾಗೆನ್ನಲಾರೆವು. ಬಡತನವನ್ನು ಕಂಡವನಿಗೆ ಮಕ್ಕಳ ಅನ್ನದ ಚಿಂತೆಯು ದೊಡ್ಡದು.

ಆದರೆ ಹುಡುಗನ ಹಂಬಲವು ಅಪ್ಪಣೆಯಿಂದ ಅಡಗಲಿಲ್ಲ. ಕ್ಲ್ಯಾವಿಕಾರ್ಡ್ ಎಂಬುದು ಪಿಯಾನೊವಿಗೆ ಹಿರಿಯಕ್ಕನಂತಿರುವ ಒಂದು ಸಣ್ಣ ವಾದ್ಯ. ಅದರ ಧ್ವನಿಯು ಬಹು ಮೆತ್ತಗಿನದು, ಗೋಡೆಯಾಚೆಗೆ ಕೇಳಿಸದಷ್ಟು. ಅಂಥದೊಂದನ್ನು ಅವನು ಹೇಗೋ ಮನೆಯ ಅಟ್ಟಕ್ಕೆ ಸೇರಿಸಿಕೊಂಡು, ಮನೆಯವರು ಮಲಗಿದ ಬಳಿಕ ಮೆಲ್ಲಗೆ ಮೇಲೇರಿ ತನ್ನಷ್ಟಕ್ಕೆ ತಾನೇ ಬಾರಿಸಿ ಕಲಿಯುತ್ತಿದ್ದನೆಂದು, ಅವನು ಮೃತನಾದ ಮರುವರುಷವೇ ಜೀವನಚರಿತ್ರೆಯನ್ನು ಪ್ರಕಟಿಸಿದ ಜಾನ್ ಮೇನ್‌ವೇರಿಂಗ್ ಎಂಬಾತನು ತಿಳಿಸಿದ್ದಾನೆ. ಮುಂದಿನ ಸಂಗತಿಯೂ ಅದೇ ಪುಸ್ತಕದಿಂದ ನಮಗೆ ಬಂದದ್ದು.

ಹುಡುಗನಿಗೆ ಏಳೆಂಟು ವರ್ಷವಾಗಿದ್ದಾಗ ತಂದೆಯು ವೈಸೆನ್‌ಫೆಲ್ಸಿಗೆ ಹೊರಟನು. ಅಲ್ಲಿ ಅರಮನೆಯ ಸೇವೆಯಲ್ಲಿದ್ದ ಒಬ್ಬ ಬಂಧುವನ್ನು ಕಾಣಬೇಕೆಂದು ಹುಡುಗನು ಬೇಡಿಕೊಂಡರೂ ಅವನು ಒಪ್ಪಲಿಲ್ಲ. ಆಗ ಹುಡುಗನು ಬಂಡಿಯ ಹಿಂದೆ ಓಡುತ್ತಾ ಹೋದನು. ದಾರಿಯು ಬಹುದೂರದ್ದು, ಹಿಂದಕ್ಕೆ ಕಳುಹಿಸಲಾರದೆ ತಂದೆಯು ಅವನನ್ನು ಬಂಡಿಗೆ ಹತ್ತಿಸಿಕೊಂಡನು. ಅರಮನೆಯ ಪ್ರಾರ್ಥನಾಮಂದಿರದಲ್ಲಿ ಆರಾಧನೆಯು ಮುಗಿದ ಮೇಲೆ, ಹುಡುಗನು ಆರ್ಗನ್ ವಾದ್ಯದ ಮುಂದೆ ಕುಳಿತು ಬಾರಿಸತೊಡಗಿದನು. ದೊರೆಯು ಹೊರಡುತ್ತಿದ್ದವನು ನಿಂತು, ಬಾರಿಸುವವರು ಯಾರೆಂದು ವಿಚಾರಿಸಿ, ತಂದೆಯನ್ನೂ ಮಗನನ್ನೂ ಕರೆಯಿಸಿದನು.

ದೊರೆಯು ತನ್ನ ಸೇವಕನಿಗೆ ಆಜ್ಞೆಯನ್ನು ಮಾಡಲಿಲ್ಲ, ಬುದ್ಧಿಯನ್ನು ಹೇಳಿದನು. ಮಗನ ಕಸುಬನ್ನು ನಿಶ್ಚಯಿಸುವ ಹಕ್ಕು ತಂದೆಯದೇ ಎಂದು ಒಪ್ಪಿ, ನ್ಯಾಯಶಾಸ್ತ್ರದ ಓದನ್ನು ಬಿಡಿಸಬೇಕೆಂದು ತಾನು ಹೇಳುವುದಿಲ್ಲವೆಂತಲೂ, ಆದರೆ ದೇವರು ಮಗುವಿನಲ್ಲಿಟ್ಟ ವರವನ್ನು ಅಡಗಿಸಿಬಿಡುವುದು ಲೋಕಕ್ಕೇ ನಷ್ಟವೆಂತಲೂ ತಿಳಿಸಿ, ತಕ್ಕ ಗುರುವನ್ನು ಗೊತ್ತುಮಾಡಬೇಕೆಂದು ಪ್ರೇರೇಪಿಸಿದನು. ಹುಡುಗನ ಜೇಬಿನಲ್ಲಿ ಹಣವನ್ನು ತುಂಬಿ, ಚೆನ್ನಾಗಿ ಕಲಿತರೆ ಇನ್ನೂ ಉತ್ತೇಜನ ದೊರೆಯುವುದೆಂದು ಹೇಳಿ ಕಳುಹಿಸಿದನು.

ಗೆಯೋರ್ಗನು ಊರಿಗೆ ಹಿಂದಿರುಗಿ, ತನ್ನ ಇಷ್ಟಕ್ಕೆ ವಿರೋಧವಾಗಿದ್ದರೂ ಕೊಟ್ಟ ಮಾತನ್ನು ನಡಿಸಿದನು. ಗುರುವನ್ನು ಅವನು ದೂರದಲ್ಲಿ ಹುಡುಕಲಿಲ್ಲ. ಹಾಲೆಯ ಪೇಟೆಯ ಚೌಕದಲ್ಲಿದ್ದ ದೊಡ್ಡ ದೇವಾಲಯದಲ್ಲಿ ೧೬೮೪ರಿಂದ ಫ್ರೀಡ್ರಿಖ್ ವಿಲ್ಹೆಲ್ಮ್ ಜಾಖೋ ಎಂಬವನು ಆರ್ಗನ್ ಬಾರಿಸುತ್ತಿದ್ದನು. ಮೂವತ್ತು ವರ್ಷದ ಆಸುಪಾಸಿನ ಈ ಯುವಕನ ಹೆಸರು ಲೋಕಪ್ರಸಿದ್ಧವಾದುದಲ್ಲ. ಆದರೆ ಅವನಂಥ ಗುರುವು ದೊರೆಯುವುದು ಅಪರೂಪ.

ಅವನು ಕಲಿಸಿದ ರೀತಿಯನ್ನು ತಂದೆತಾಯಿಗಳು ಗಮನಿಸಬೇಕೆಂದು ಕೋರುತ್ತೇವೆ. ಮೊದಲನೆಯದಾಗಿ, ನೆಂಟರಿಷ್ಟರ ಮುಂದೆ ಬಾರಿಸಿ ತೋರಿಸಲು ನಾಲ್ಕು ಪದಗಳನ್ನು ಬಾಯಿಪಾಠ ಮಾಡಿಸಿ ಅವನು ತೃಪ್ತನಾಗಲಿಲ್ಲ. ಸ್ವರಗಳು ಒಂದರೊಡನೊಂದು ಕೂಡುವ ಶಾಸ್ತ್ರವನ್ನು ಬುಡದಿಂದ ಕಲಿಸಿದನು. ಆರ್ಗನ್, ಹಾರ್ಪ್ಸಿಕಾರ್ಡ್, ಪಿಟೀಲು, ಓಬೋ ಎಂಬ ಊದುವ ವಾದ್ಯ, ಇವೆಲ್ಲವುಗಳಲ್ಲಿಯೂ ಹುಡುಗನ ಕೈಯನ್ನು ಪಳಗಿಸಿದನು. ಎರಡನೆಯದಾಗಿ, ತನ್ನಲ್ಲಿದ್ದ ಜರ್ಮನಿ ಮತ್ತು ಇಟಲಿ ದೇಶಗಳ ಸಂಗೀತಗ್ರಂಥಗಳ ಭಂಡಾರವನ್ನು ಶಿಷ್ಯನಿಗೆ ತೆರೆದಿಟ್ಟು, ಒಬ್ಬೊಬ್ಬ ಕರ್ತೃವಿನ ಗುಣವೇನು ದೋಷವೇನು ಎಂದು ಬಿಡಿಸಿ ತೋರಿಸಿದನು. ಅವುಗಳನ್ನು ಕೈಯಿಂದ ನಕಲುಮಾಡಿಸಿ, ಅದೇ ಮಾದರಿಯಲ್ಲಿ ಸ್ವಂತವಾಗಿ ಬರೆಯುವ ಅಭ್ಯಾಸವನ್ನೂ ಮಾಡಿಸಿದನು. ಹಾಗೆ ಹುಡುಗನು ನಕಲುಮಾಡಿದ, ೧೬೯೮ ಎಂದು ಗುರುತುಳ್ಳ ಒಂದು ಕೈಬರಹದ ಪುಸ್ತಕವು ಬಹುಕಾಲ ಉಳಿದಿದ್ದು ಬಳಿಕ ಕಾಣೆಯಾಯಿತು. ಮೂರನೆಯದಾಗಿ, ತಾನು ಊರಲ್ಲಿಲ್ಲದಾಗ ದೇವಾಲಯದ ಆರ್ಗನನ್ನೇ ಶಿಷ್ಯನಿಗೆ ಒಪ್ಪಿಸಿ ಹೋಗುತ್ತಿದ್ದನು. ಎಲ್ಲಕ್ಕಿಂತಲೂ ಹೆಚ್ಚಿನದೆಂದರೆ, ಕೆಲವು ವರ್ಷಗಳಾದ ಮೇಲೆ ಶಿಷ್ಯನು ತನ್ನನ್ನು ಮೀರಿದನೆಂದು ಕಂಡಾಗ ಅದನ್ನು ಹೊಟ್ಟೆಕಿಚ್ಚಿಲ್ಲದೆ ಒಪ್ಪಿಕೊಂಡನು. ಹ್ಯಾಂಡೆಲನಿಗೆ ಬೇರೊಬ್ಬ ಗುರುವು ಇದ್ದಂತೆ ನಮಗೆ ತಿಳಿಯದು.

೧೬೯೭ರ ಫೆಬ್ರವರಿಯಲ್ಲಿ, ಹುಡುಗನಿಗೆ ಹನ್ನೆರಡು ವರ್ಷ ತುಂಬುವುದಕ್ಕೆ ಮೊದಲೇ, ಮುದುಕನು ತಾನು ಹೆದರಿದ್ದಂತೆಯೇ ತೀರಿಹೋದನು. ಮಗನು ೧೭೦೨ರಲ್ಲಿ ಹಾಲೆಯ ವಿಶ್ವವಿದ್ಯಾನಿಲಯದಲ್ಲಿ ಹೆಸರನ್ನು ಬರೆಯಿಸಿದನು. ಅದೇ ವರ್ಷ ಆ ಊರಿನ ಮತ್ತೊಂದು ದೇವಾಲಯದಲ್ಲಿ ಆರ್ಗನ್ ಬಾರಿಸುವ ಕೆಲಸವೂ ಅವನಿಗೆ ದೊರೆಯಿತು. ಹದಿನೇಳನೆಯ ವಯಸ್ಸಿನಲ್ಲಿ ತನ್ನ ವಿದ್ಯೆಯಿಂದಲೇ ಸಂಬಳವನ್ನು ಪಡೆದ ಮಗನನ್ನು ಕಾಣುವ ಭಾಗ್ಯವು ತಂದೆಗಿರಲಿಲ್ಲ.

ಮುಂದಿನ ವರ್ಷಗಳನ್ನು ಸಂಕ್ಷೇಪವಾಗಿ ಹೇಳುವೆವು. ೧೭೦೩ರಲ್ಲಿ ಹ್ಯಾಂಬರ್ಗಿಗೂ, ೧೭೦೬ರ ಸುಮಾರಿಗೆ ಇಟಲಿಗೂ ಹೋಗಿ ನಾಟಕ ಸಂಗೀತದಲ್ಲಿ ಪ್ರವೀಣನಾಗಿ, ೧೭೧೦ರಲ್ಲಿ ಮೊದಲ ಬಾರಿ ಲಂಡನಿಗೆ ಬಂದು, ೧೭೧೨ರಿಂದ ಅಲ್ಲಿಯೇ ನೆಲೆಸಿದನು. ಅದೇ ವರ್ಷ ಜಾಖೋವು ತೀರಿಹೋದನು. ಗುರುವಿನ ವಿಧವೆಗೆ ಹ್ಯಾಂಡೆಲನು ಲಂಡನಿನಿಂದ ಹಣವನ್ನು ಕಳುಹಿಸುತ್ತಿದ್ದನೆಂದು ಮೇನ್‌ವೇರಿಂಗನು ಬರೆದಿದ್ದಾನೆ.

ಹೀಗೆ ಬೆಳೆದ ಶಿಷ್ಯನು ತಾನೂ ಗುರುವಾದನು. ಇಂಗ್ಲೆಂಡಿನ ರಾಜಕುಮಾರಿಯರಿಗೆ ಸಂಗೀತವನ್ನು ಕಲಿಸುವುದಕ್ಕಾಗಿ ಅವನಿಗೆ ವರ್ಷಕ್ಕೆ ೨೦೦ ಪೌಂಡು ಸಲ್ಲುತ್ತಿತ್ತು. ಪಾಠ ಹೇಳುವುದರಲ್ಲಿ ಅವನಿಗೆ ಹೆಚ್ಚು ಪ್ರೀತಿಯಿರಲಿಲ್ಲ. ಆದರೆ ರಾಜಕುಮಾರಿ ಆ್ಯನ್ ಎಂಬವಳಿಗೆ ಕಲಿಸುವುದು ಮಾತ್ರ ಅವನಿಗೆ ಸಂತೋಷವಾಗಿತ್ತು. ೧೭೦೯ರಲ್ಲಿ ಹುಟ್ಟಿದ ಈ ಶಿಷ್ಯೆಯು ಹಾಡುವುದರಲ್ಲಿಯೂ ಹಾರ್ಪ್ಸಿಕಾರ್ಡ್ ಬಾರಿಸುವುದರಲ್ಲಿಯೂ ನಿಪುಣಳಾದಳು. ಆ ಕಾಲದಲ್ಲಿ ಹ್ಯಾಂಡೆಲನು ಶಿಷ್ಯರಿಗಾಗಿ ಬರೆದ ಅಭ್ಯಾಸಪಾಠಗಳು ಇಂದಿಗೂ ಉಳಿದಿವೆ; ಅವು ಜಾಖೋವು ಕಲಿಸಿದಂತೆಯೇ ಬುಡದಿಂದ ಆರಂಭವಾಗುವ ಪಾಠಗಳು. ೧೭೩೪ರಲ್ಲಿ ಅವಳು ಮದುವೆಯಾಗಿ ಹಾಲೆಂಡ್ ದೇಶಕ್ಕೆ ಹೋದರೂ ಸಂಗೀತವನ್ನು ಬಿಡಲಿಲ್ಲ. ೧೭೫೧ರಲ್ಲಿ ವಿಧವೆಯಾದ ಮೇಲೆ, ಚಿಕ್ಕವನಾಗಿದ್ದ ಮಗನ ಪರವಾಗಿ ರಾಜ್ಯಭಾರವನ್ನೂ ವಹಿಸಿದಳು. ಸಂಗೀತವನ್ನು ಕಲಿತ ಹುಡುಗಿಯು ಬೇರೆ ಕೆಲಸಕ್ಕೆ ಬಾರದವಳಾಗುವಳೆಂದು ಭಯಪಡುವವರು ಇವಳನ್ನು ನೆನಸಿಕೊಳ್ಳಲಿ.

ಹ್ಯಾಂಡೆಲನಿಗೆ ಕಷ್ಟಗಳು ಕಡಮೆಯಾಗಿರಲಿಲ್ಲ. ನಾಟಕಶಾಲೆಗಳು ನಷ್ಟ ಹೊಂದಿದವು. ೧೭೩೭ರಲ್ಲಿ ಪಾರ್ಶ್ವವಾಯು ಬಡಿದು ಬಲಗೈಯು ಕೆಲಕಾಲ ನಿಂತುಹೋಯಿತು. ಗುಣಹೊಂದಿ, ೧೭೪೧ರಲ್ಲಿ, ಚಾರ್ಲ್ಸ್ ಜೆನ್ನೆನ್ಸ್ ಎಂಬಾತನು ಸತ್ಯವೇದದಿಂದ ಆರಿಸಿಕೊಟ್ಟ ವಚನಗಳಿಗೆ ಇಪ್ಪತ್ತನಾಲ್ಕು ದಿನಗಳಲ್ಲಿ ರಾಗಗಳನ್ನು ಹೊಂದಿಸಿ 'ಮೆಸ್ಸೀಯ'ವನ್ನು ಬರೆದನು. ಅದು ಮೊದಲು ೧೭೪೨ರ ಏಪ್ರಿಲ್ ೧೩ರಂದು ಡಬ್ಲಿನ್ ನಗರದಲ್ಲಿ ಹಾಡಲ್ಪಟ್ಟಿತು. ಇನ್ನಷ್ಟು ಜನರಿಗೆ ಸ್ಥಳವಾಗಲೆಂದು, ಸ್ತ್ರೀಯರು ಬಳೆಕಟ್ಟಿನ ಅಗಲವಾದ ಲಂಗಗಳನ್ನು ಧರಿಸದೆಯೂ ಗಂಡಸರು ಕತ್ತಿಯನ್ನು ಕಟ್ಟಿಕೊಳ್ಳದೆಯೂ ಬರಬೇಕೆಂದು ಪ್ರಕಟಿಸಲಾಗಿತ್ತು. ಕೂಡಿದ ಹಣವು ಎರಡು ಆಸ್ಪತ್ರೆಗಳಿಗೂ ಸೆರೆಯಲ್ಲಿದ್ದ ಸಾಲಗಾರರ ಸಹಾಯಕ್ಕೂ ಹೋಯಿತು. ೧೪೨ ಮಂದಿ ಸಾಲಗಾರರಿಗೆ ಬಿಡುಗಡೆಯಾಯಿತು. ಅಂದು ಅಟ್ಟದ ಮೇಲೆ ಯಾರಿಗೂ ಕೇಳದಂತೆ ಬಾರಿಸಿದ ವಿದ್ಯೆಯು ಹೀಗೆ ಸೆರೆಮನೆಯ ಬಾಗಿಲನ್ನು ತೆರೆಯಿತು. ಲಂಡನಿನಲ್ಲಿದ್ದ ಅನಾಥ ಶಿಶುಗಳ ಆಶ್ರಯಶಾಲೆಗೂ ೧೭೫೦ರಿಂದ ಇದೇ ಕೃತಿಯ ಹಾಡುಗಾರಿಕೆಯಿಂದ ವರ್ಷವರ್ಷವೂ ಹಣವು ಸೇರುತ್ತಾ ಬಂತು. ಅಲ್ಲಿಯ ಪ್ರಾರ್ಥನಾಮಂದಿರಕ್ಕೆ ಆತನು ಒಂದು ಆರ್ಗನನ್ನೂ ದಾನವಾಗಿ ಕೊಟ್ಟನು.

ಕೊನೆಗೆ ಆತನ ಕಣ್ಣುಗಳು ಮಂಜಾದವು. ಶಸ್ತ್ರವೈದ್ಯನ ಮಗನಿಗೆ ಶಸ್ತ್ರವೈದ್ಯವು ಫಲಿಸಲಿಲ್ಲ. ಕುರುಡನಾದ ಮೇಲೆಯೂ ಆರ್ಗನಿನ ಮುಂದೆ ಕುಳಿತು ನೆನಪಿನಿಂದ ಬಾರಿಸುತ್ತಿದ್ದನು. ಬೆರಳುಗಳಲ್ಲಿ ಚಿಕ್ಕಂದಿನಲ್ಲಿ ಸೇರಿದ್ದನ್ನು ಕತ್ತಲೆಯು ಕಸುಕೊಳ್ಳಲಾರದೆ ಹೋಯಿತು. ೧೭೫೯ರ ಏಪ್ರಿಲ್ ೧೪ರಂದು ತೀರಿಹೋದನು. ದಿಕ್ಕಿಲ್ಲದ ಸಂಗೀತಗಾರರ ಪೋಷಣೆಗಾಗಿ ೧,೦೦೦ ಪೌಂಡನ್ನು ಮರಣಶಾಸನದಲ್ಲಿ ಬಿಟ್ಟಿದ್ದನು. ತನ್ನ ತಂದೆಯ ಭಯವು ಸುಳ್ಳಲ್ಲವೆಂಬುದನ್ನು ಆತನೂ ಬಲ್ಲವನೇ.

ಇಲ್ಲಿ ನಾವೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಉಪಾಧ್ಯಾಯಿನಿಯಾದ ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗಿಯು ಬಿಡುವಾದಾಗಲೆಲ್ಲಾ ಹಾರ್ಮೋನಿಯಮ್ಮಿನ ಮುಂದೆ ಕುಳಿತಿರುತ್ತಿದ್ದಳು. ಲೆಕ್ಕದಲ್ಲಿ ಹಿಂದೆ ಬಿದ್ದಳೆಂದು ನಾವು ಆ ಕೋಣೆಗೆ ಬೀಗ ಹಾಕಿಸಿದೆವು. ಅವಳು ಲೆಕ್ಕದಲ್ಲಿ ತೇರ್ಗಡೆಯಾದಳು. ಆದರೆ ಮತ್ತೆಂದೂ ಆ ವಾದ್ಯವನ್ನು ಮುಟ್ಟಲಿಲ್ಲ. ಎರಡಕ್ಕೂ ದಿನದಲ್ಲಿ ಸಮಯವಿತ್ತೆಂಬುದು ನಮಗೆ ತಡವಾಗಿ ತಿಳಿಯಿತು. ವೈಸೆನ್‌ಫೆಲ್ಸಿನ ದೊರೆಯು ಹೇಳಿದ್ದು ಇದನ್ನೇ ಅಲ್ಲವೇ?

ಆದುದರಿಂದ, ಪ್ರಿಯ ತಂದೆತಾಯಿಗಳೇ, ನಿಮ್ಮ ಮಗುವಿಗೆ ಗುರುವನ್ನು ಹುಡುಕುವಾಗ ದೊಡ್ಡ ಹೆಸರನ್ನು ಹುಡುಕಬೇಡಿರಿ. ನಿಮ್ಮ ಊರಿನಲ್ಲಿಯೇ ತನ್ನ ಕೆಲಸವನ್ನು ಬಲ್ಲವನು, ತನ್ನ ಪುಸ್ತಕಗಳನ್ನು ಮಗುವಿಗೆ ತೆರೆದಿಡುವವನು, ಮಗುವು ತನ್ನನ್ನು ಮೀರಿದರೆ ಸಂತೋಷಪಡುವವನು ಇರುವನೋ ಎಂದು ನೋಡಿರಿ. ಅಂಥವರು ಸಿಕ್ಕಿದರೆ, ಓದನ್ನೂ ಬಿಡಿಸದೆ ಹಾಡನ್ನೂ ಬಿಡಿಸದೆ, ಮಗುವನ್ನು ನಂಬಿಕೆಯಿಂದ ಅವರ ಕೈಯಲ್ಲಿ ಒಪ್ಪಿಸಿರಿ. ಗೆಯೋರ್ಗನು ಪೂರ್ಣ ಮನಸ್ಸಿನಿಂದಲ್ಲದಿದ್ದರೂ ಅಷ್ಟನ್ನು ಮಾಡಿದನು, ಅಷ್ಟೇ ಸಾಕಾಯಿತು.